ಸ್ತೋತ್ರ, ಯಾವುದಕ್ಕೆ?

ಭಾನುವಾರ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ "ಸ್ತೋತ್ರ ಅಣ್ಣಾ" ಅನ್ನುತ್ತಾರೆ. "ಸ್ತೋತ್ರ, ಸ್ತೋತ್ರ" ಅನ್ನುತ್ತೇನೆ. ಒಳಗೆ ಪ್ರಾರ್ಥನೆಯಲ್ಲಿ ಅದು ಅಲ್ಪವಿರಾಮ. ಸಾಕ್ಷಿ ಹೇಳಲು ನಿಂತವರಿಗೆ ಮಾತು ಮರೆತರೆ ಕೈಗೆ ಸಿಗುವ ಊರುಗೋಲು. ಫೋನ್ ಎತ್ತುವಾಗಲೂ ಅದೇ, ಇಡುವಾಗಲೂ ಅದೇ. ನಮ್ಮ ಪ್ರಾಟೆಸ್ಟಂಟ್ ಸಭೆಗಳಲ್ಲಿ ಇಷ್ಟು ದುಡಿಯುವ ಪದ ಇನ್ನೊಂದಿಲ್ಲ. ದುಡಿದೂ ದುಡಿದೂ ಸವೆದಿದೆ ಎಂಬುದು ನನ್ನ ದೂರು.

ಪದ ಸಂಸ್ಕೃತದ್ದು, 'ಸ್ತು' ಎಂದರೆ ಹೊಗಳು. ಪಕ್ಕದ ಮನೆಯವರಿಗೆ ಸ್ತೋತ್ರವೆಂದರೆ ಬೆಳಗಿನ ವಿಷ್ಣು ಸಹಸ್ರನಾಮ, ಅಂದರೆ ಪಠಿಸುವಂಥದು. ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾದದ್ದು 1831ರಲ್ಲಿ. ನಮ್ಮ ಮನೆಗಳಲ್ಲಿರುವ ಸತ್ಯವೇದ ಅದಕ್ಕಿಂತ ಈಚಿನದು. ಅದರಲ್ಲಿ ಯೇಸು ಕೊನೆಯ ರಾತ್ರಿ ರೊಟ್ಟಿ ಮುರಿಯುವ ಮುಂಚೆ ಮಾಡುವುದು ಸ್ತೋತ್ರ. ಗ್ರೀಕಿನಲ್ಲಿ ಅಲ್ಲಿರುವುದು ಉಪಕಾರ ನೆನೆಯುವ ಕ್ರಿಯಾಪದ. ಪ್ರಭುಭೋಜನಕ್ಕೆ ಯೂಕರಿಸ್ಟ್ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ. ಹೀಗೆ ಹೊಗಳಿಕೆಯ ಪದದ ಹೆಗಲಿಗೆ ಕೃತಜ್ಞತೆಯ ಹೊರೆಯೂ ಬಿತ್ತು.

ಬೇರೆ ದಾರಿಯೂ ಇರಲಿಲ್ಲವೇನೋ. ಹಳ್ಳಿಯ ಕನ್ನಡದಲ್ಲಿ ಉಪಕಾರ ಮಾಡಿದವರಿಗೆ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತೇವೆ. ದೇವರಿಗೆ ಹಾಗೆ ಹರಸಲಾಗುತ್ತದೆಯೇ? ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಇನ್ನೂ ಜಾಣರು. ಒಂದು ಲೋಟ ನೀರು ಕೊಟ್ಟರೂ "ದೇವ್ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ, ಎನ್ನುತ್ತಾರೆ. ಮನುಷ್ಯರ ಸಾಲವನ್ನೂ ದೇವರ ಖಾತೆಗೇ ಬರೆದುಬಿಡುತ್ತಾರೆ.

ನಮ್ಮಜ್ಜಿ ಬರಿಯ ಸ್ತೋತ್ರವನ್ನು ಒಪ್ಪುತ್ತಿರಲಿಲ್ಲ. ರಾತ್ರಿ ಚಾಪೆಯ ಮೇಲೆ ಮಕ್ಕಳು "ಸ್ತೋತ್ರ ಸ್ವಾಮಿ" ಎಂದು ಮುಗಿಸಿ ಮಲಗಹೋದರೆ, "ಯಾವುದಕ್ಕೆ?" ಎಂದು ತಡೆಯುತ್ತಿದ್ದಳು. ಎಮ್ಮೆ ಕರು ಹಾಕಿದ್ದಕ್ಕೆ. ಮೇಷ್ಟ್ರು ಇವತ್ತು ಹೊಡೆಯದೇ ಇದ್ದದ್ದಕ್ಕೆ. ಸಾರಿನಲ್ಲಿ ಒಣಮೀನು ಇದ್ದದ್ದಕ್ಕೆ. ಅಷ್ಟು ಹೇಳಿದ ಮೇಲೆಯೇ ದೀಪ ಆರುತ್ತಿತ್ತು. ವ್ಯಾಕರಣ ಕಲಿತ ಮೇಲೆ ನನಗೆ ತಿಳಿಯಿತು: ಸ್ತೋತ್ರಕ್ಕೆ ಎರಡು ಚತುರ್ಥಿ ಬೇಕು. 'ದೇವರಿಗೆ' ಒಂದು, 'ಬಂದದ್ದಕ್ಕೆ' ಇನ್ನೊಂದು. ಮೊದಲನೆಯದನ್ನು ನಾವು ಮರೆಯುವುದಿಲ್ಲ. ಮರೆಯುವುದು ಎರಡನೆಯದನ್ನು.

ಸಾವಿನ ಮನೆಯಲ್ಲಿ ಮಾತ್ರ ಆ ಚತುರ್ಥಿಗೆ ನಾನು ಹೆದರುತ್ತೇನೆ. ಎಳೆಯ ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ "ಇದಕ್ಕೂ ಸ್ತೋತ್ರ ಹೇಳಮ್ಮ" ಎಂದವರನ್ನು ಕಂಡಿದ್ದೇನೆ. ಪೌಲನು ಥೆಸಲೋನಿಕದವರಿಗೆ ಹೇಳಿದ್ದು ಎಲ್ಲದರಲ್ಲಿಯೂ ಕೃತಜ್ಞರಾಗಿರಿ ಎಂದು. ಅದು ಸಪ್ತಮಿ. ದುಃಖದಲ್ಲಿ ನಿಂತು ನೆನೆಯುವುದು ಬೇರೆ, ದುಃಖ ಕೊಟ್ಟದ್ದಕ್ಕೆ ನೆನೆಯುವುದು ಬೇರೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲದಕ್ಕೂ ಎಂದೇ ಇದೆ, ಬಲ್ಲೆ. ಸಾವಿನ ಮನೆಯಲ್ಲಿ ನಾನು ಥೆಸಲೋನಿಕದ ಪತ್ರವನ್ನೇ ಹಿಡಿದು ಕೂರುತ್ತೇನೆ.

ಪದ ಇನ್ನೂ ಚೆನ್ನಾಗಿ ಉಸಿರಾಡುವ ಜಾಗ ಒಂದಿದೆ: ಸ್ತೋತ್ರ ಕಾಣಿಕೆಯ ಲಕೋಟೆ. ಕಾರಣವನ್ನು ಮೇಲೆ ಬರೆದು ಹಾಕುವುದು ನಮ್ಮಲ್ಲಿ ರೂಢಿ. ಆರಾಧನೆಯ ನಡುವೆ ಅಯ್ಯನವರು ಓದುತ್ತಾರೆ. ಮಗಳು ಪಿಯುಸಿ ಪಾಸಾದದ್ದಕ್ಕೆ. ಬೋರ್‌ವೆಲ್ಲಿನಲ್ಲಿ ನೀರು ಬಿದ್ದದ್ದಕ್ಕೆ. ಹೊಸ ಕಾರಿಗೆ (ಇದನ್ನು ಕೊಂಚ ಗಟ್ಟಿಯಾಗಿ ಓದಲಿ ಎಂಬ ಆಸೆ ಕಾರಿನವರಿಗೆ ಇರುತ್ತದೆ, ಇರಲಿ). ಸುಗ್ಗಿಯ ಹಬ್ಬದ ದಿನ ಲಕೋಟೆಯ ಬದಲು ವಸ್ತುಗಳೇ ಬರುತ್ತವೆ: ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಹುಂಜ. ಎಲ್ಲ ಹರಾಜಾಗುತ್ತದೆ. ಒಂದು ಕುಂಬಳಕಾಯಿಯನ್ನು ಕೊಂಡವರೇ ಮತ್ತೆ ಚರ್ಚಿಗೆ ಕೊಟ್ಟು, ಅದು ಮೂರು ಸಲ ಮಾರಾಟವಾದದ್ದನ್ನು ನೋಡಿದ್ದೇನೆ.

ಕಳೆದ ಭಾನುವಾರ ಓದಿದ ಕೊನೆಯ ಲಕೋಟೆಯ ಮೇಲೆ ಹೆಸರಿರಲಿಲ್ಲ. ಒಳಗೆ 20 ರೂಪಾಯಿ ಇತ್ತು. ನಡುಗುವ ಅಕ್ಷರದಲ್ಲಿ ಬರೆದಿತ್ತು: ರಾತ್ರಿ ನಿದ್ದೆ ಬಂದದ್ದಕ್ಕೆ.