ಕೊಂಡಿ

ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಕರೆದುಕೊಂಡು ಹೋಗುವುದು ಶಾಲೆಯಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಸಮಾಜ ವಿಜ್ಞಾನ ಹೇಳಿಕೊಡುವವಳು ನಾನು. ಮಕ್ಕಳಿಗೆ ಬಸ್ಸು, ಬುತ್ತಿ, ಹಾಡು ಮುಖ್ಯ. ನನಗೆ ಕಲ್ಲು ಮುಖ್ಯ. ಕೆಲವು ವರ್ಷಗಳ ಹಿಂದೆ ಐಹೊಳೆಯ ಲಾಡಖಾನ ಗುಡಿಯ ಮುಂದೆ ನಿಂತು, ಈ ಊರಿನ ಹೆಸರು ಹೊತ್ತು ಲೋಕ ತಿರುಗಿದ ಐನೂರ್ವರ ಪಾಠ ಹೇಳುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದ ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ಕೈ ಎತ್ತಿದಳು.

“ಅಕ್ಕಾರ, ಆ ಐನೂರು ಮಂದ್ಯಾಗ ನಮ್ಮ ಓಣ್ಯಾವ್ರು ಯಾರರ ಇದ್ರೇನ್ರಿ?”

ಅವಳ ಓಣಿ ಯಾವುದೆಂದು ನನಗೆ ಗೊತ್ತಿತ್ತು. ಊರ ಹೊರಗಿನ ಕೇರಿ ಅದು. ಏನು ಹೇಳಬೇಕೋ ತೋಚದೆ, “ಊಟದ ಹೊತ್ತಾತು, ನಡೀರಿ” ಎಂದುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ಆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಬಸ್ಸು ಹತ್ತಿ ಮನೆಗೆ ಬಂತು.

ಹುನಗುಂದ ತಾಲೂಕಿನ ಐಹೊಳೆ ಇಂದು ಸಣ್ಣ ಹಳ್ಳಿ. ಒಂದು ಕಾಲಕ್ಕೆ ‘ಅಯ್ಯಾವೊಳೆ ಐನೂರ್ವರು’ ಎಂದರೆ ಅರಸರೂ ಮರ್ಯಾದೆ ಕೊಡುತ್ತಿದ್ದರು. ಸೆಟ್ಟಿಗಳು, ಗವರೆಗಳು, ಗಾತ್ರಿಗರು ಎಂದು ಹಲವು ಬಗೆಯ ವರ್ತಕರು ಕೂಡಿದ ಸಂಘ ಅದು. ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿ, ಸಿಂಹಳದಲ್ಲಿ ಅವರ ಶಾಸನಗಳಿವೆ. ಕಡಲಾಚೆಯ ಸುಮಾತ್ರದಲ್ಲಿ ಕೂಡ 1088ರ ಒಂದು ತಮಿಳು ಶಾಸನ ಐನೂರ್ವರನ್ನು ಹೆಸರಿಸುತ್ತದೆ. ಒಬ್ಬಂಟಿ ವ್ಯಾಪಾರಿಯನ್ನು ದಾರಿಯಲ್ಲಿ ಕಳ್ಳ ದೋಚಬಹುದು, ಸುಂಕದವನು ಸುಲಿಯಬಹುದು. ಕೂಡಿ ಹೋದವರ ಬೆನ್ನಿಗೆ ಕಾವಲಿನವರಿದ್ದರು, ತಮ್ಮದೇ ಕಟ್ಟಳೆಯಿತ್ತು. ಸರಕಿನ ಮೇಲೆ ತಾವೇ ಇಷ್ಟೆಂದು ವಂತಿಗೆ ಹಾಕಿಕೊಂಡು ಗುಡಿಗಳಿಗೆ ದತ್ತಿ ಬಿಡುತ್ತಿದ್ದರು. ‘ವೀರಬಣಂಜು ಧರ್ಮ’ ಎಂದು ತಮ್ಮ ನಡೆಗೆ ಹೆಸರಿಟ್ಟುಕೊಂಡಿದ್ದರು.

ಒಟ್ಟಾದರೆ ಬಲ ಎಂಬ ಮಾತಿಗೆ ನಮ್ಮ ನೆಲದಲ್ಲಿ ಇದಕ್ಕಿಂತ ಹಳೆಯ, ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಹುಡುಗಿ ಕೇಳಿದ್ದು ಬಲ ಎಷ್ಟಿತ್ತೆಂದಲ್ಲ; ಬಾಗಿಲು ಯಾರಿಗೆ ತೆರೆದಿತ್ತೆಂದು.

ನನ್ನ ತವರು ಇಳಕಲ್ಲು. ನಮ್ಮ ಪಡಸಾಲೆಯ ಕುಣಿಮಗ್ಗದಲ್ಲಿ ಅಪ್ಪ ನೇಯುತ್ತಿದ್ದ. ಮಗ್ಗ ನಮ್ಮದು, ಕೈ ನಮ್ಮದು. ನೂಲು ಯಜಮಾನರದು, ಸೀರೆಯೂ ಅವರದು. ನೂಲು ತಂದು ಸೀರೆ ಮುಟ್ಟಿಸಿ ಮಜೂರಿ ತರುವುದಷ್ಟೇ ನಮ್ಮ ವ್ಯವಹಾರ. ಮದುವೆ, ಬ್ಯಾನಿ ಎಂದು ಮುಂಗಡ ಪಡೆದರೆ ಮುಗಿಯಿತು, ಆ ಸಾಲ ತೀರುವವರೆಗೆ ಬೇರೆಯವರ ನೂಲು ಮುಟ್ಟುವ ಹಾಗಿಲ್ಲ. ಅಪ್ಪನ ಕೈಯ ಸೀರೆ ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತದೆಂದು ಅವನಿಗೆ ಕಡೆಯವರೆಗೂ ಸರಿಯಾಗಿ ತಿಳಿಯಲಿಲ್ಲ.

ಇಳಕಲ್ ಸೀರೆಯ ಗುಟ್ಟು ಅದರ ಸೆರಗಿನಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವುದಕ್ಕೆ ‘ಕೊಂಡಿ’ ಎನ್ನುತ್ತಾರೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಅವ್ವ, ದೊಡ್ಡವ್ವ, ಪಕ್ಕದ ಮನೆಯ ಅತ್ತಿ ಕೂಡಿ ಕುಳಿತು ಮಾಡುತ್ತಿದ್ದರು. ಕಂಡಿಕಿ ಸುತ್ತುವುದೂ ಹೆಂಗಸರ, ಮಕ್ಕಳ ಪಾಲು. ಮಜೂರಿಯ ಲೆಕ್ಕದಲ್ಲಿ ಮಾತ್ರ ಇವರ ಹೆಸರಿರಲಿಲ್ಲ.

ಊರ ಹಿರಿಯರು ಸಹಕಾರಿ ಸಂಘದ ಮಾತಾಡುತ್ತಿದ್ದುದು ನನಗೆ ನೆನಪಿದೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ 28 ಮಂದಿ ಕೂಡಿ ತಮ್ಮದೇ ಅಂಗಡಿ ತೆರೆದರು, ಅವರಲ್ಲಿಯೂ ನೇಕಾರರಿದ್ದರು. ನಮ್ಮಲ್ಲಿ 1904ರಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಬಡ್ಡಿಯವನ ಮನೆ ಬಾಗಿಲು ಕಾಯುವ ಬದಲು ತಮ್ಮದೇ ಪೆಟ್ಟಿಗೆಯಿಂದ ಸಾಲ ಪಡೆಯುವ ದಾರಿ ಅದು. ನೇಕಾರರ ಸಂಘಗಳೂ ಇದೇ ದಾರಿ ಹಿಡಿದವು: ನೂಲನ್ನು ಕೂಡಿ ಕೊಳ್ಳುವುದು, ಸೀರೆಯನ್ನು ಕೂಡಿ ಮಾರುವುದು.

ಅಪ್ಪ ತೀರಿದ ಮೇಲೆ ಅವ್ವ ಒಂದು ಸಂಘಕ್ಕೆ ಸದಸ್ಯಳಾಗಲು ಹೋದಳು. ಮಗ್ಗ ನಡೆಸುವವರಿಗಷ್ಟೇ ಸದಸ್ಯತ್ವ ಎಂದರಂತೆ. “ಕೊಂಡಿ ಹಾಕಾಕಿ ನಾನು. ನಾ ಹಾಕಲಿಲ್ಲಂದ್ರ ಸೀರಿಗೆ ಸೆರಗರ ಎಲ್ಲಿರತದ?” ಎಂದು ಕೇಳಿ ಬಂದಿದ್ದಳು. ಅರ್ಜಿ ಹಾಗೆಯೇ ಉಳಿಯಿತು. ಶೋಷಣೆಯ ವಿರುದ್ಧ ಕಟ್ಟಿದ ಮನೆಗೂ ಒಂದು ಹೊಸ್ತಿಲಿರುತ್ತದೆ ಎಂದು ನನಗೆ ಮೊದಲು ತಿಳಿದದ್ದು ಆಗ.

ಅವ್ವನಿಗೆ ಆದದ್ದನ್ನು ಅನ್ಯಾಯವೆಂದು ತಿಳಿದಿದ್ದ ನಾನೇ ಇನ್ನೊಬ್ಬಳಿಗೆ ಹೊಸ್ತಿಲಾದದ್ದನ್ನು ಇಲ್ಲಿ ಬರೆಯಲೇಬೇಕು. ಬಾಗಲಕೋಟೆಯಲ್ಲಿ ಬಿ.ಎಡ್. ಮುಗಿಸಿ ಹಳ್ಳಿಯ ಶಾಲೆಗೆ ಹೊಸದಾಗಿ ಸೇರಿದ ದಿನಗಳು. ಹಾಜರಿ ಪುಸ್ತಕ ತುಂಬುತ್ತ ಒಬ್ಬ ಹುಡುಗಿಯನ್ನು, “ನಿಮ್ಮಪ್ಪನ ಹೆಸರೇನವಾ?” ಎಂದು ಕೇಳಿದೆ. ಸುಮ್ಮನಿದ್ದಳು. ಮತ್ತೆ ಕೇಳಿದೆ, ಗಟ್ಟಿಯಾಗಿ. ತರಗತಿ ಕಿಸಕ್ಕನೆ ನಕ್ಕಿತು. ಮರುದಿನದಿಂದ ಹುಡುಗಿ ಬರಲಿಲ್ಲ. ನಾಲ್ಕನೆಯ ದಿನ ಅವಳ ತಾಯಿ ಬಂದು ಹೊರಗೆ ನಿಂತಳು. “ಅಕ್ಕಾರ, ನನ್ನ ಹೆಸರು ಬರಕೋರಿ. ದುಡದು ಸಾಕಾಕಿ ನಾನು.” ಆಕೆಯನ್ನು ಸಣ್ಣವಳಿದ್ದಾಗ ದೇವರಿಗೆ ಬಿಟ್ಟಿದ್ದರು.

ನಮ್ಮ ಸೀಮೆ ಮುಂಬೈ ಇಲಾಖೆಯಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆಂದು ಕಾಯ್ದೆ ಬಂದಿತ್ತು. ಕರ್ನಾಟಕದ ನಿಷೇಧ ಕಾಯ್ದೆ 1982ರದು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತರ ಮನೆಯ ಹೆಣ್ಣುಮಕ್ಕಳು. ಜಾತಿ, ಬಡತನ, ಹೆಣ್ಣುತನ ಮೂರೂ ಒಂದೇ ಕೊರಳಿಗೆ ಬಿದ್ದದ್ದು ಅಲ್ಲಿ. ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು, ಸರಿ. ಆದರೆ ಕಟ್ಟಿಸಿಕೊಂಡವಳ ಮನೆಯ ಒಲೆ ಮರುದಿನ ಹೇಗೆ ಉರಿಯಬೇಕು?

ಇದಕ್ಕೆ ಉತ್ತರವನ್ನು ಆ ಹೆಣ್ಣುಮಕ್ಕಳೇ ಹುಡುಕಿಕೊಂಡರು. ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಕೂಡಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಂಘದ ಪದ್ಧತಿ ಸರಳ. ವಾರಕ್ಕಿಷ್ಟು ಎಂದು ಎಲ್ಲರೂ ಕೂಡಿಡುವುದು, ಅವಶ್ಯವಿದ್ದವಳಿಗೆ ಅದರಿಂದಲೇ ಸಾಲ, ಅವಳಿಗೆ ಉಳಿದವರೇ ಜಾಮೀನು. ಅಡವಿಡಲು ಹೊಲವಿಲ್ಲ, ಬಂಗಾರವಿಲ್ಲ. ಇರುವುದು ಒಬ್ಬರಿಗೊಬ್ಬರ ಮಾತು. ವಿಚಾರ ಮಾಡಿ ನೋಡಿದರೆ ಐನೂರ್ವರ ಬಂಡವಾಳವೂ ಇದೇ ಆಗಿತ್ತಲ್ಲವೇ?

ಅಂಬೇಡ್ಕರರ ಬಗ್ಗೆ ಪಾಠ ತಯಾರಿಸುವಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. 1946ರಲ್ಲಿ ಅವರು ಅಮೆರಿಕದ ಕರಿಯರ ನಾಯಕ, ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಅಲ್ಲಿಯ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕು, ಇಲ್ಲಿಯ ಅಸ್ಪೃಶ್ಯರದೂ ಅಂಥದೇ ಸ್ಥಿತಿ ಎಂಬುದು ಅದರ ಆಶಯ. ಆ ಎಳೆ ಹಿಡಿದು ಓದುತ್ತ ಹೋದಾಗ ಮಾಂಟ್‌ಗೊಮರಿ ನಗರದ ಕಥೆ ಸಿಕ್ಕಿತು. ಅಲ್ಲಿ ಬಸ್ಸಿನಲ್ಲಿ ಬಿಳಿಯರಿಗೆ ಜಾಗ ಬಿಡಬೇಕಿತ್ತು. 1955ರ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಏಳಲಿಲ್ಲ. ಆ ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಅಧ್ಯಾಪಕಿ ಸಾವಿರಗಟ್ಟಲೆ ಕರಪತ್ರ ಅಚ್ಚು ಮಾಡಿಸಿ, ಬಸ್ಸು ಹತ್ತಬೇಡಿರೆಂದು ಹಂಚಿಸಿದಳು. ಬಸ್ಸಿನವರಿಗೆ ಬರುತ್ತಿದ್ದ ಹಣದಲ್ಲಿ ಹೆಚ್ಚಿನ ಪಾಲು ಕರಿಯರ ಕಿಸೆಯದೇ. ಆ ಕಿಸೆ 381 ದಿನ ಮುಚ್ಚಿಕೊಂಡಿತು. ಕೂಡಿ ಕಾರು ಓಡಿಸಿದರು, ನಡೆದರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ನೆರೆಹೊರೆಯ ಹೆಂಗಸರನ್ನು ಕೂಡಿಸಿ ಊಟ, ತಿಂಡಿ ಮಾಡಿ ಮಾರಿ ಹಣ ಕೊಟ್ಟಳು. ಯಾರು ಕೊಟ್ಟರೆಂದು ತಿಳಿದರೆ ಅವರ ಕೆಲಸ ಹೋಗುತ್ತಿತ್ತು. ಅದಕ್ಕೇ, ಹಣ ಎಲ್ಲಿಂದ ಬಂತೆಂದರೆ ‘ಎಲ್ಲಿಂದಲೂ ಇಲ್ಲ’ ಎನ್ನುವಂಥ ಹೆಸರನ್ನೇ ತಮ್ಮ ಕೂಟಕ್ಕೆ ಇಟ್ಟಿದ್ದರು.

ಇದನ್ನು ಓದಿ ಕೆಲವು ತಿಂಗಳಾಗಿರಬೇಕು, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿದ್ದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಹರವಿಕೊಂಡು ಕುಳಿತಿದ್ದ ಸಂಘದ ಹೆಂಗಸರಲ್ಲಿ ಒಬ್ಬಾಕೆ, “ಅಕ್ಕಾರ, ಗುರ್ತು ಸಿಕ್ಕತೇನ್ರಿ?” ಎಂದಳು. ಅಂದು ಶಾಲೆಯ ಹೊರಗೆ ನಿಂತಿದ್ದ ತಾಯಿ. ಪಕ್ಕದಲ್ಲಿ ಲೆಕ್ಕದ ಪುಸ್ತಕ ಹಿಡಿದು ಕುಳಿತಿದ್ದಳು ಅದೇ ಮಗಳು. ನಾನು ಅಂದಿನ ತಪ್ಪಿನ ಮಾತು ತೆಗೆದೆ. ಮಗಳು ನಕ್ಕಳು. “ಬಿಡ್ರಿ ಅಕ್ಕಾರ. ಈಗ ನಮ್ಮ ಪುಸ್ತಕದಾಗ ಅಪ್ಪನ ಹೆಸರಿನ ಕಾಲಮ್ಮ ಇಲ್ಲ.” ಅವರ ಸಂಘದಲ್ಲಿ ಬೇರೆ ಬೇರೆ ಓಣಿಯ ಹೆಂಗಸರಿದ್ದರು. ಮೊದಮೊದಲು ಕೇರಿಯವರು ಬಡಿದ ರೊಟ್ಟಿ ಮುಟ್ಟಲು ಹಿಂದೆ ಸರಿದವರೂ ಉಂಟಂತೆ. “ಒಲಿ ಒಂದ ಇಟ್ವಿರಿ. ಬ್ಯಾಡಂದವ್ರು ಹ್ವಾದ್ರು, ಹಸದು ತಿರುಗಿ ಬಂದ್ರು” ಎಂದಳು ತಾಯಿ.

2025ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಕಾನೂನು, ಇಂಥ ಮಕ್ಕಳನ್ನು ತಂದೆಯ ಹೆಸರು ಹೇಳೆಂದು ಒತ್ತಾಯಿಸಬಾರದು ಎನ್ನುತ್ತದೆ. ಸರಕಾರಕ್ಕಿಂತ ಮೊದಲೇ ಆ ರೊಟ್ಟಿಯ ಲೆಕ್ಕದ ಪುಸ್ತಕ ಅದನ್ನು ಅರಿತಿತ್ತು.

ಈಗಲೂ ಡಿಸೆಂಬರಿಗೆ ಐಹೊಳೆಗೆ ಹೋಗುತ್ತೇನೆ. ಯಾರೂ ಕೇಳದಿದ್ದರೂ ನಾನೇ ಹೇಳುತ್ತೇನೆ: ಐನೂರ್ವರು ದೊಡ್ಡವರು, ಆದರೆ ಕೇರಿಯವರಿಗೆ ಅವರ ಸಾಲಿನಲ್ಲಿ ಜಾಗವಿರಲಿಲ್ಲ. ಇಲ್ಲಿಂದ ಬಹಳ ದೂರವಲ್ಲದ ಕೂಡಲಸಂಗಮದ ಬಸವಣ್ಣನವರು ಹನ್ನೆರಡನೇ ಶತಮಾನದಲ್ಲಿ ಕಾಯಕದವರನ್ನೆಲ್ಲ ಒಂದೇ ಅನುಭವ ಮಂಟಪದಲ್ಲಿ ಕೂಡಿಸಿದ್ದನ್ನೂ, ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನೆಂಟಸ್ತನ ಬೆಳೆದದ್ದಕ್ಕೆ ಕಲ್ಯಾಣ ಕೆರಳಿದ್ದನ್ನೂ ಹೇಳುತ್ತೇನೆ. ಆಮೇಲೆ ಅವ್ವನ ಕೊಂಡಿಯ ಮಾತು ಬರುತ್ತದೆ. ಒಂದೇ ಬಣ್ಣದ ಎಳೆಗಳು ಎಷ್ಟು ಒತ್ತಾಗಿದ್ದರೂ ಒಡಲಾಗುತ್ತವೆ, ಅಷ್ಟೇ. ಬೇರೆ ಎಳೆಯನ್ನು ಸಿಕ್ಕಿಸಿಕೊಂಡಾಗಲೇ ಸೀರೆಗೆ ಸೆರಗು.

ಆ ಹುಡುಗಿ ಎಂಟನೆಯದು ಮುಗಿಸಿ ಬೇರೆ ಊರಿಗೆ ಹೋದಳು. ಉತ್ತರ ಅವಳಿಗೆ ಮುಟ್ಟಲಿಲ್ಲ. ಎಲ್ಲಿದ್ದರೂ ಯಾವುದಾದರೊಂದು ಪುಸ್ತಕದಲ್ಲಿ ಅವಳ ಹೆಸರಿರಲಿ, ಅದನ್ನು ಅವಳೇ ಬರೆದಿರಲಿ.