ಫೋರ್ಟ್ ಪಿಟ್‌ನ ಕಂಬಳಿಗಳು: ಒಂದು ಬಿಲ್ಲಿನ ಸಾಕ್ಷ್ಯ

ರೋಗವನ್ನೇ ಆಯುಧವಾಗಿಸಿದ ಚರಿತ್ರೆಯಲ್ಲಿ 1763ರ ಫೋರ್ಟ್ ಪಿಟ್ ಪ್ರಕರಣಕ್ಕೆ ವಿಶೇಷ ಸ್ಥಾನವಿದೆ. ಪಾಂಟಿಯಾಕ್ ಯುದ್ಧದ ಆ ಬೇಸಿಗೆಯಲ್ಲಿ, ಇಂದು ಪಿಟ್ಸ್‌ಬರ್ಗ್ ನಗರವಿರುವ ಜಾಗದ ಬ್ರಿಟಿಷ್ ಕೋಟೆಯನ್ನು ಮೂಲನಿವಾಸಿ ಯೋಧರು ಸುತ್ತುವರಿದಿದ್ದರು. ಸಿಡುಬಿನ ಆಸ್ಪತ್ರೆಯ ಬಟ್ಟೆಗಳು ಕೋಟೆಯಿಂದ ಅವರ ಕೈಸೇರಿದವು ಎಂಬುದರಲ್ಲಿ ಈಗ ತಕರಾರಿಲ್ಲ. 1954ರಲ್ಲಿ ಬರ್ನಾರ್ಡ್ ನೋಲೆನ್‌ಬರ್ಗ್ ವ್ಯಕ್ತಪಡಿಸಿದ ಸಂಶಯ, ಡೊನಾಲ್ಡ್ ಕೆಂಟ್ ದಾಖಲೆಗಳನ್ನು ಮುಂದಿಟ್ಟ ಮೇಲೆ ಉಳಿಯಲಿಲ್ಲ. ಇದು ದಂಡನಾಯಕ ಜೆಫ್ರಿ ಆಮ್ಹರ್ಸ್ಟ್ ಒಬ್ಬನ ಕಥೆಯಲ್ಲವೆಂದು 2000ದಲ್ಲಿ ಎಲಿಜಬೆತ್ ಫೆನ್ ತೋರಿಸಿದರು. ಅದೇ ವರ್ಷ ಫಿಲಿಪ್ ರಾನ್ಲೆಟ್, ಪ್ರಯತ್ನ ನಡೆದದ್ದು ನಿಜ, ಆದರೆ ಅದು ಫಲಿಸಲಿಲ್ಲ ಎಂದು ವಾದಿಸಿದರು. ನನ್ನ ಭಿನ್ನಾಭಿಪ್ರಾಯ ಈ ಕೊನೆಯ ಮಾತಿನ ಬಗ್ಗೆ.

ರಾನ್ಲೆಟ್ ಅವರ ಆಧಾರ ಗಟ್ಟಿಯಾದದ್ದೇ. ಜೂನ್ 24ರಂದು ಬಟ್ಟೆ ಪಡೆದವರು ಡೆಲವೇರ್ ಜನರ ದೂತರಾದ ಟರ್ಟಲ್‌ಹಾರ್ಟ್ ಮತ್ತು ಮಮಾಲ್ಟೀ. ಸುಮಾರು ಒಂದು ತಿಂಗಳ ನಂತರ ಅವರೇ ಮತ್ತೆ ಮಾತುಕತೆಗೆ ಬಂದರು. ಸೋಂಕು ತಗುಲಿದ ಹತ್ತು-ಹದಿನಾಲ್ಕು ದಿನಗಳಲ್ಲಿ ಸಿಡುಬಿನ ಜ್ವರ ಏರುತ್ತದೆ. ಗುಳ್ಳೆ ಎದ್ದು, ಕೀವಾಗಿ, ಹೊಪ್ಪಳೆ ಉದುರಲು ಮತ್ತೆರಡು ಮೂರು ವಾರ ಬೇಕು. ಹಾಗಾಗಿ ಆ ಇಬ್ಬರಿಗೆ ರೋಗ ಬರಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಇಬ್ಬರು ಆರೋಗ್ಯವಾಗಿದ್ದರೆ ಕಂಬಳಿ ನಿರಪಾಯಕಾರಿಯಾಗಿತ್ತು ಎಂದಾಗುವುದಿಲ್ಲ. ಆರೇಳು ವರ್ಷಗಳ ಹಿಂದಿನ ಫ್ರೆಂಚ್ ಯುದ್ಧದಲ್ಲಿ ಸಿಡುಬು ಪಶ್ಚಿಮದ ಬುಡಕಟ್ಟುಗಳಿಗೂ ಹಬ್ಬಿತ್ತು. ಒಮ್ಮೆ ಗೆದ್ದವರನ್ನು ಅದು ಮತ್ತೆ ಬಾಧಿಸುವುದು ಅಪರೂಪ. ಅಲ್ಲದೆ ಉಡುಗೊರೆಯ ಕಂಬಳಿಯನ್ನು ಪಡೆದವರೇ ಹೊದೆಯಬೇಕೆಂದೂ ಇಲ್ಲ.

ಇದರಿಂದ ಕಂಬಳಿಗಳೇ ರೋಗ ಹರಡಿದವು ಎನ್ನಲೂ ಆಗದು. ಮೂಲನಿವಾಸಿಗಳ ನಡುವೆ ಇದ್ದು ಬಂದ ಗರ್ಶಮ್ ಹಿಕ್ಸ್ 1764ರ ಏಪ್ರಿಲ್‌ನಲ್ಲಿ ಕೊಟ್ಟ ಹೇಳಿಕೆಯ ಪ್ರಕಾರ ಸಿಡುಬು ಹಿಂದಿನ ವಸಂತದಿಂದಲೇ ಆ ಜನರಲ್ಲಿತ್ತು, ಅಂದರೆ ಬಹುಶಃ ಕಂಬಳಿಗಿಂತ ಮೊದಲೇ. ಒಣಗಿದ ಹೊಪ್ಪಳೆಯಲ್ಲಿ ವೈರಾಣು ಬಹುಕಾಲ ಉಳಿಯಬಲ್ಲದು ನಿಜ. ಆದರೂ ಸಿಡುಬು ಹೆಚ್ಚಾಗಿ ಹರಡುತ್ತಿದ್ದದ್ದು ರೋಗಿಯ ಹತ್ತಿರದ ಉಸಿರಿನಿಂದ. ಸಾವುಗಳನ್ನು ಎಣಿಸಿ ಈ ಕೃತ್ಯವನ್ನು ಅಳೆಯಹೊರಟರೆ ಎರಡೂ ಪಕ್ಷಕ್ಕೆ ಉತ್ತರ ಸಿಗುವುದಿಲ್ಲ.

ಉತ್ತರವಿರುವುದು ಲೆಕ್ಕಪತ್ರದಲ್ಲಿ. ಕೋಟೆಯ ವರ್ತಕ ವಿಲಿಯಂ ಟ್ರೆಂಟ್ ತನ್ನ ದಿನಚರಿಯಲ್ಲಿ ಎರಡು ಕಂಬಳಿ, ಒಂದು ಕರವಸ್ತ್ರ ಕೊಟ್ಟದ್ದನ್ನೂ, ಬಯಸಿದ ಪರಿಣಾಮವಾಗಲಿ ಎಂಬ ಆಸೆಯನ್ನೂ ಬರೆದಿದ್ದಾನೆ. ಅವನ ಪಾಲುದಾರಿಕೆಯ ಲೆವಿ, ಟ್ರೆಂಟ್ ಕಂಪನಿ ಸರ್ಕಾರಕ್ಕೆ ಸಲ್ಲಿಸಿದ ಬಿಲ್ಲಿನಲ್ಲಾದರೋ ಕರವಸ್ತ್ರಗಳು ಎರಡು: ಒಂದು ರೇಷ್ಮೆಯದು, ಹತ್ತು ಶಿಲಿಂಗ್, ಇನ್ನೊಂದು ನಾರುಬಟ್ಟೆಯದು, ಮೂರೂವರೆ ಶಿಲಿಂಗ್. ಕಂಬಳಿಗೆ ತಲಾ ಇಪ್ಪತ್ತು ಶಿಲಿಂಗ್. ಸಿಡುಬು ಹರಡಲೆಂದು ಆಸ್ಪತ್ರೆಯ ರೋಗಿಗಳಿಂದ ತೆಗೆದುಕೊಂಡ ಬಟ್ಟೆಗಳಿಗೆ ಬದಲಿ ಎಂಬ ಕಾರಣವನ್ನು ಅಲ್ಲೇ ನಮೂದಿಸಲಾಗಿದೆ. ಕೋಟೆಯ ಅಧಿಕಾರಿ ಸಿಮಿಯೋನ್ ಎಕ್ಯುಯೆ ಅದನ್ನು ದೃಢೀಕರಿಸಿದ. ಜನರಲ್ ಗೇಜ್ ಹಣ ಮಂಜೂರು ಮಾಡಿದ. ಮುಚ್ಚಿಡಬೇಕಾದದ್ದೆಂದು ಇವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನನ್ನನ್ನು ಅತಿಯಾಗಿ ಕಲಕುವುದು ಇದೇ.

ಆಮ್ಹರ್ಸ್ಟ್ ಸಿಡುಬಿನ ಉಪಾಯವನ್ನು ಬುಕೆ ಎಂಬ ಅಧಿಕಾರಿಗೆ ಸೂಚಿಸಿದ್ದು ಜುಲೈಯಲ್ಲಿ. ಕೋಟೆಯಲ್ಲಿ ಕೆಲಸ ಮುಗಿದದ್ದು ಜೂನ್‌ನಲ್ಲಿ. ಹಾಗಾದರೆ ಉಪಾಯ ಮೂಡಿದ್ದೆಲ್ಲಿ? ಜೂನ್ 16ರಂದೇ ಎಕ್ಯುಯೆ, ಕೋಟೆಯೊಳಗೆ ಸಿಡುಬು ಕಾಣಿಸಿಕೊಂಡದ್ದರಿಂದ ಸೇತುವೆಯ ಕೆಳಗೆ ಆಸ್ಪತ್ರೆ ಕಟ್ಟಿಸಿದ್ದೇನೆಂದು ಬುಕೆಗೆ ಬರೆದಿದ್ದ. ಎಂಟೇ ದಿನಗಳಲ್ಲಿ ಆ ಆಸ್ಪತ್ರೆಯ ಹೊದಿಕೆಗಳು ಹೊರಗೆ ಹೋದವು. ತಮ್ಮವರನ್ನು ಕಾಪಾಡಲು ರೋಗಿಗಳನ್ನು ಬೇರೆಯಿಟ್ಟ ತಿಳುವಳಿಕೆಯೇ ದಾಳಿಯ ಉಪಾಯವನ್ನೂ ಒದಗಿಸಿತು ಎಂಬುದು ನನ್ನ ವಾದ. ದಿನಾಂಕಗಳ ಸಾಮೀಪ್ಯ ಕಾರಣವನ್ನು ಸಾಬೀತುಪಡಿಸದು. ಬಟ್ಟೆಯಿಂದ ಸಿಡುಬು ಹಬ್ಬುತ್ತದೆಂಬ ನಂಬಿಕೆ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಪತ್ರ ಎಕ್ಯುಯೆಯದು, ದಿನಚರಿ ಟ್ರೆಂಟ್‌ನದು; ಹಾಗಾಗಿ ಎರಡರ ಹಿಂದೆಯೂ ಒಂದೇ ಯೋಚನೆಯಿತ್ತೆಂದು ಖಚಿತವಾಗಿ ಹೇಳಲಾಗದು. ಇಷ್ಟಾದರೂ, ಮೇಲಿನ ಆಜ್ಞೆಗಾಗಿ ಕಾಯದೆ ಕೋಟೆಯವರೇ ಮುಂದಾದದ್ದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನನಗೆ ಕಾಣುತ್ತಿಲ್ಲ.

ಕಂಬಳಿ ಕೊಡೋಣವೆಂದು ಮೊದಲು ಹೇಳಿದವರು ಯಾರೆಂಬುದು ಈ ದಾಖಲೆಗಳಿಂದ ತೀರ್ಮಾನವಾಗುವುದಿಲ್ಲ. ದಿನಚರಿಯಲ್ಲಿ ಟ್ರೆಂಟ್ 'ನಾವು' ಎಂದಷ್ಟೇ ಬರೆದಿದ್ದಾನೆ. ದಿನಚರಿಯಲ್ಲಿಲ್ಲದ ಎರಡನೆಯ ಕರವಸ್ತ್ರ ಬಿಲ್ಲಿಗೆ ಸೇರಿದ್ದು ಹೇಗೆ ಎಂಬುದೂ ಬಗೆಹರಿಯಬೇಕು. ಗಡಿಯ ಇತರ ಕೋಟೆಗಳ ಬಿಲ್ಲುಗಳನ್ನು ಇದೇ ದೃಷ್ಟಿಯಿಂದ ಓದುವ ಕೆಲಸ ಮುಂದಿದೆ.