ಬೀಗವಿಲ್ಲದ ಆಕಾಶ

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಟಿವಿ ಬಂತು. ಉಪಗ್ರಹ ನಾಸಾದಿಂದ ಎರವಲು ತಂದ ಎಟಿಎಸ್-6. ಹಳ್ಳಿಯಲ್ಲಿ ಅದರ ಸಂಕೇತ ಹಿಡಿಯುತ್ತಿದ್ದದ್ದು ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿ. 'ಸೈಟ್' ಎಂದು ಹೆಸರಾದ ಈ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅವಕ್ಕೆಂದೇ ಕನ್ನಡದಲ್ಲಿ ಕಾರ್ಯಕ್ರಮಗಳು ತಯಾರಾಗುತ್ತಿದ್ದವು. ಇಷ್ಟು ನನಗೆ ಮೊದಲಿನಿಂದ ಗೊತ್ತಿತ್ತು. ಅದೇ ವರ್ಷ ಈ ಪ್ರಸಾರವನ್ನು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲೂ ಒಬ್ಬರು ನೋಡುತ್ತಿದ್ದರು ಎಂಬುದು ಗೊತ್ತಾದದ್ದು ಬಹಳ ತಡವಾಗಿ.

ಅವರು ಸ್ಟೀವ್ ಬರ್ಕಿಲ್, ಬಿಬಿಸಿಯ ಎಂಜಿನಿಯರ್. ಬಿಡುವಿನ ವೇಳೆಯಲ್ಲಿ ಸುಮಾರು ಐದು ಅಡಿಯ ಡಿಶ್ಶನ್ನೂ ಅದಕ್ಕೆ ಬೇಕಾದ ರಿಸೀವರನ್ನೂ ತಾವೇ ಕಟ್ಟಿಕೊಂಡಿದ್ದರು. ಉಪಗ್ರಹದ ಕಿರಣ ಭಾರತದತ್ತ ಮುಖ ಮಾಡಿತ್ತು. ಬ್ರಿಟನ್ನಿನ ಮೇಲೆ ಬೀಳುತ್ತಿದ್ದದ್ದು ಅಂಚಿನಿಂದ ಚೆಲ್ಲಿದ ಕ್ಷೀಣ ಸಂಕೇತ ಮಾತ್ರ. ಕೊಲಂಬೋದಲ್ಲಿ ಇನ್ನೊಬ್ಬ ಪ್ರೇಕ್ಷಕರಿದ್ದರು: ಲೇಖಕ ಆರ್ಥರ್ ಕ್ಲಾರ್ಕ್. ಅವರ ಮನೆಗೆ ಇಸ್ರೋ ಎಂಜಿನಿಯರುಗಳೇ ಬಂದು ಆಂಟೆನಾ ಕೂರಿಸಿಕೊಟ್ಟಿದ್ದರು. ಅದಕ್ಕೆ ಕಾರಣವೂ ಇತ್ತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಮೂರು ಉಪಗ್ರಹಗಳನ್ನು ನಿಲ್ಲಿಸಿದರೆ ಜಗತ್ತಿಗೆಲ್ಲ ಪ್ರಸಾರ ಮಾಡಬಹುದು ಎಂದು 1945ರ ಅಕ್ಟೋಬರಿನಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದವರು ಅವರೇ.

ರಾಯಚೂರಿಗೆ ಕಳಿಸಿದ್ದು ಶೆಫೀಲ್ಡಿನಲ್ಲೂ ಸಿಕ್ಕಿತು ಎಂಬುದನ್ನು ಓದಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಕಾಶದಿಂದ ಸುರಿಯುವ ಸಂಕೇತಕ್ಕೆ ಗಡಿ ತಿಳಿಯದು. ಹಾಗಿದ್ದ ಮೇಲೆ ಅದು ಯಾರಿಗೆ ಸಲ್ಲಬೇಕು ಎಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಯ ಜತೆ ಬಹಳ ಕಾಲ ಗುದ್ದಾಡಿದ ದೇಶ ಬ್ರಿಟನ್. ಅಲ್ಲಿನ ಕಥೆಯಲ್ಲಿ ಉದ್ಯಮಿಗಳಷ್ಟೇ ಮುಖ್ಯರಾದವರು ಪ್ರಸಾರ ಸಂಸ್ಥೆಗಳ ಸಂಬಳ ಪಡೆದು, ಹೆಸರು ಹೊರಗೆ ಬಾರದೆ ಕೆಲಸ ಮಾಡಿದ ಎಂಜಿನಿಯರುಗಳು.

ಬ್ರಿಟನ್ನಿನಲ್ಲಿ ಟಿವಿ ನೋಡುವವರು ಪ್ರತಿ ವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕು. ಬಿಬಿಸಿ ನಡೆಯುವುದು ಮುಖ್ಯವಾಗಿ ಆ ಹಣದಿಂದ. ಅದರಲ್ಲೊಂದು ಪಾಲು ಸಂಶೋಧನೆಗೂ ಹೋಗುತ್ತಿತ್ತು. ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಕೌಂಟಿಯಲ್ಲಿ ಕಿಂಗ್ಸ್‌ವುಡ್ ವಾರೆನ್ ಎಂಬ ಹಳೆಯ ಬಂಗಲೆಯಿದೆ. 1948ರಿಂದ 2010ರವರೆಗೆ ಬಿಬಿಸಿಯ ಸಂಶೋಧನಾ ವಿಭಾಗ ಅಲ್ಲಿತ್ತು. ಟಿವಿಗೆ ಸ್ಟೀರಿಯೋ ಧ್ವನಿ ತಂದ ನೈಕಾಮ್ ಪದ್ಧತಿ ಬಿಬಿಸಿಯ ಸಂಶೋಧನೆಯ ಫಲ. 1968ರ ಮೆಕ್ಸಿಕೋ ಒಲಿಂಪಿಕ್ಸ್ ಚಿತ್ರಗಳು ಬಂದಾಗ ಅವನ್ನು ಅಮೆರಿಕದ 525 ಗೆರೆಗಳ ಪದ್ಧತಿಯಿಂದ ಯುರೋಪಿನ 625 ಗೆರೆಗಳಿಗೆ ಬದಲಾಯಿಸಿದ ಯಂತ್ರವೂ ಬಿಬಿಸಿ ಎಂಜಿನಿಯರುಗಳದೇ.

ಈ ಕೆಲಸದ ರೀತಿ ಅರ್ಥವಾಗಬೇಕಾದರೆ ಸೀಫ್ಯಾಕ್ಸ್ ನೋಡಬೇಕು. ಹಳೆಯ ಟಿವಿಯ ಪರದೆಯಲ್ಲಿ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬರೆಯುವ ಕಿರಣ, ಕೆಳಗೆ ಮುಟ್ಟಿದ ಮೇಲೆ ಮತ್ತೆ ಮೇಲಕ್ಕೆ ಹೋಗಬೇಕು. ಆ ಕ್ಷಣದ ಗೆರೆಗಳಲ್ಲಿ ಚಿತ್ರವಿರುವುದಿಲ್ಲ. ಕಿವಿ ಕೇಳದವರಿಗೆ ಅಡಿಬರಹ ಕೊಡುವ ದಾರಿ ಹುಡುಕುತ್ತಿದ್ದ ಬಿಬಿಸಿ ಎಂಜಿನಿಯರುಗಳು ಈ ಖಾಲಿ ಜಾಗದಲ್ಲಿ ಅಕ್ಷರಗಳನ್ನು ಕಳಿಸಬಹುದು ಎಂದು ಕಂಡುಕೊಂಡರು. ಖಾಸಗಿ ಟಿವಿಯ ಮೇಲ್ವಿಚಾರಣೆ ನೋಡುತ್ತಿದ್ದ ಸಂಸ್ಥೆ ಐಬಿಎ. ಅದರ ಎಂಜಿನಿಯರುಗಳೂ ಒರಾಕಲ್ ಎಂಬ ಇಂಥದೇ ಪದ್ಧತಿಯ ಮೇಲೆ ಕೆಲಸ ಮಾಡುತ್ತಿದ್ದರು. ಎರಡೂ ಪೈಪೋಟಿಯ ಸಂಸ್ಥೆಗಳು. ಆದರೂ ಟಿವಿ ತಯಾರಕರನ್ನು ಜತೆಗೆ ಕೂರಿಸಿಕೊಂಡು ಒಂದೇ ಮಾನದಂಡಕ್ಕೆ ಒಪ್ಪಿಕೊಂಡವು. ಯಾವ ಕಂಪನಿಯ ಸೆಟ್ಟಾದರೂ ಎರಡನ್ನೂ ಓದಬಲ್ಲದಾಯಿತು. 1974ರ ಸೆಪ್ಟೆಂಬರ್ 23ರಂದು ಶುರುವಾದ ಸೀಫ್ಯಾಕ್ಸ್ 2012ರ ಅಕ್ಟೋಬರ್ 23ರವರೆಗೆ ನಡೆಯಿತು. 888ನೇ ಪುಟ ಒತ್ತಿದರೆ ಅಡಿಬರಹ ಬರುತ್ತಿತ್ತು. ಅದಕ್ಕೆ ಬೇರೆ ಶುಲ್ಕವಿರಲಿಲ್ಲ, ಯಾರ ಅನುಮತಿಯೂ ಬೇಕಿರಲಿಲ್ಲ.

ಹೀಗೆ ಎಲ್ಲರೂ ಒಂದೇ ಮಾತಿಗೆ ಒಪ್ಪುವುದು ಉಪಗ್ರಹದ ಕೆಲಸದಲ್ಲಿ ಎಷ್ಟು ಮುಖ್ಯ ಎಂಬುದು ಮೊದಲ ರಾತ್ರಿಯೇ ಗೊತ್ತಾಗಿತ್ತು. 1962ರ ಜುಲೈನಲ್ಲಿ ಟೆಲ್‌ಸ್ಟಾರ್ ಉಪಗ್ರಹದ ಮೂಲಕ ಅಮೆರಿಕದ ಚಿತ್ರ ಅಟ್ಲಾಂಟಿಕ್ ದಾಟಿದಾಗ ಫ್ರಾನ್ಸಿನ ಕೇಂದ್ರಕ್ಕೆ ಅದು ಸ್ವಚ್ಛವಾಗಿ ಸಿಕ್ಕಿತು. ಕಾರ್ನ್‌ವಾಲಿನ ಗೂನ್‌ಹಿಲ್ಲಿಯಲ್ಲಿ ಬ್ರಿಟಿಷ್ ಅಂಚೆ ಇಲಾಖೆ ಕಟ್ಟಿದ ದೈತ್ಯ ಡಿಶ್ಶಿಗೆ ಸಿಕ್ಕಿದ್ದು ಮಸುಕು ಮಸುಕಾಗಿ. ತರಂಗ ಯಾವ ದಿಕ್ಕಿಗೆ ಸುತ್ತುತ್ತದೆ ಎಂಬುದರ ವ್ಯಾಖ್ಯೆಯನ್ನು ಎರಡು ದಡದವರು ಬೇರೆ ಬೇರೆಯಾಗಿ ತಿಳಿದಿದ್ದರು. ಬ್ರಿಟಿಷರ ಆಂಟೆನಾದ ಒಂದು ಭಾಗ ತಿರುಗುಮುರುಗಾಗಿತ್ತು. ಅದನ್ನು ಸರಿಪಡಿಸಿದ ಮೇಲೆ ಚಿತ್ರ ಬಂತು.

ಎಂಭತ್ತರ ದಶಕದಲ್ಲಿ ಮನೆಮನೆಗೆ ಉಪಗ್ರಹ ಟಿವಿ ಬರುವ ಕಾಲ ಹತ್ತಿರವಾಯಿತು. ಯುರೋಪಿನ ಬಹುಭಾಗ ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ಬಣ್ಣ ಮತ್ತು ಬೆಳಕಿನ ವಿವರಗಳು ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ. ಹಾಗಾಗಿ ಪಟ್ಟೆ ಅಂಗಿ ತೊಟ್ಟವರು ಪರದೆಗೆ ಬಂದರೆ ಅಂಗಿಯ ಮೇಲೆ ಇಲ್ಲದ ಬಣ್ಣಗಳು ಮಿನುಗುತ್ತಿದ್ದವು. ವಿಂಚೆಸ್ಟರ್ ಬಳಿಯ ಕ್ರಾಲಿ ಕೋರ್ಟ್‌ನಲ್ಲಿದ್ದ ಐಬಿಎ ಎಂಜಿನಿಯರುಗಳು ಇದಕ್ಕೆ ಮ್ಯಾಕ್ ಎಂಬ ಪರಿಹಾರ ಕಂಡುಹಿಡಿದರು. ಪ್ರತಿ ಗೆರೆಯಲ್ಲೂ ಮೊದಲು ಬಣ್ಣ, ಆಮೇಲೆ ಬೆಳಕು. ಎರಡನ್ನೂ ಸಮಯದಲ್ಲಿ ಕುಗ್ಗಿಸಿ ಒಂದರ ಹಿಂದೊಂದು ಕಳಿಸುವುದು, ಮನೆಯ ಪೆಟ್ಟಿಗೆಯಲ್ಲಿ ಮತ್ತೆ ಹಿಗ್ಗಿಸಿ ಜೋಡಿಸುವುದು. ಚಿತ್ರ ನಿಜಕ್ಕೂ ಚೆನ್ನಾಗಿತ್ತು.

ಬ್ರಿಟನ್ನಿನ ಅಧಿಕೃತ ಉಪಗ್ರಹ ಸೇವೆಯ ಪರವಾನಗಿ ಬಿಎಸ್‌ಬಿ ಎಂಬ ಕಂಪನಿಗೆ ಸಿಕ್ಕಿತು. ಅದು ಈ ಮ್ಯಾಕ್ ವಂಶದ ಪದ್ಧತಿಯನ್ನೇ ಬಳಸಬೇಕಿತ್ತು. ಅದಕ್ಕೆ ಬೇಕಾದ ಚಿಪ್ಪುಗಳು ಸಕಾಲಕ್ಕೆ ತಯಾರಾಗಲಿಲ್ಲ. ಇತ್ತ ರೂಪರ್ಟ್ ಮರ್ಡೋಕ್ ಒಡೆತನದ ಸ್ಕೈ, ಲಕ್ಸೆಂಬರ್ಗ್ ದೇಶದ ಆಸ್ಟ್ರಾ ಉಪಗ್ರಹದಲ್ಲಿ ಜಾಗ ಬಾಡಿಗೆಗೆ ಹಿಡಿದು, 1989ರ ಫೆಬ್ರುವರಿ 5ರಂದು ಹಳೆಯ ಪಾಲ್ ಪದ್ಧತಿಯಲ್ಲೇ ಪ್ರಸಾರ ಶುರುಮಾಡಿಬಿಟ್ಟಿತು. ಉಪಗ್ರಹ ಬ್ರಿಟನ್ನಿನದಲ್ಲವಾದ್ದರಿಂದ ಮ್ಯಾಕ್ ಬಳಸಬೇಕೆಂಬ ಕಟ್ಟು ಸ್ಕೈಗೆ ಇರಲಿಲ್ಲ. ಬಿಎಸ್‌ಬಿ ತನ್ನ ಚೌಕಾಕಾರದ ಪುಟ್ಟ ಆಂಟೆನಾ ಹೊತ್ತು ಮನೆಗಳಿಗೆ ಬರುವ ಹೊತ್ತಿಗೆ 1990ರ ವಸಂತ. ಎರಡೂ ಕಂಪನಿಗಳು ನಷ್ಟದಲ್ಲಿ ಮುಳುಗುತ್ತ ಅದೇ ವರ್ಷದ ನವೆಂಬರಿನಲ್ಲಿ ಒಂದಾದವು. ಉಳಿದದ್ದು ಸ್ಕೈಯ ದಾರಿ. ಬಿಎಸ್‌ಬಿಯ ಉಪಗ್ರಹಗಳು ಕೊನೆಗೆ ಸ್ವೀಡನ್ನಿಗೂ ನಾರ್ವೆಗೂ ಮಾರಾಟವಾದವು. ಐಬಿಎ ಮುಚ್ಚಿತು, ಅದರ ಎಂಜಿನಿಯರಿಂಗ್ ವಿಭಾಗ 1991ರಲ್ಲಿ ಖಾಸಗಿ ಕಂಪನಿಯಾಯಿತು.

ಒಳ್ಳೆಯ ತಂತ್ರಜ್ಞಾನ ಸೋತಿತು ಎಂದು ಈ ಪ್ರಕರಣವನ್ನು ಮುಗಿಸಿಬಿಡುವುದು ಸುಲಭ. ನನಗೆ ಹೆಚ್ಚು ಮುಖ್ಯ ಅನಿಸುವುದು ಆಮೇಲೆ ನಡೆದದ್ದು. ಶುರುವಿನಲ್ಲಿ ಸ್ಕೈ ವಾಹಿನಿಗಳು ಡಿಶ್ ಇದ್ದವರಿಗೆಲ್ಲ ಸಿಗುತ್ತಿದ್ದವು. ವರ್ಷ ಕಳೆಯುತ್ತ ಒಂದೊಂದಕ್ಕೇ ಬೀಗ ಬಿತ್ತು. ಮೊದಲು ಸಿನಿಮಾಕ್ಕೆ, ಆಮೇಲೆ ಕ್ರೀಡೆಗೆ. ಚಿತ್ರವನ್ನು ಗೂಢಲಿಪಿಯಲ್ಲಿ ಕಲಸಿ ಕಳಿಸುವುದು, ಹಣ ಕೊಟ್ಟವರ ಪೆಟ್ಟಿಗೆಯಲ್ಲಿರುವ ಕಾರ್ಡು ಮಾತ್ರ ಅದನ್ನು ಬಿಡಿಸುವುದು. 1998ರ ಅಕ್ಟೋಬರ್ 1ರಂದು ಸ್ಕೈ ಡಿಜಿಟಲ್ ಬಂದಾಗ ಬಿಬಿಸಿಯ ವಾಹಿನಿಗಳೂ ಅದೇ ಬೀಗದ ಹಿಂದೆ ಕೂತವು.

ಬಿಬಿಸಿ ಇದಕ್ಕೆ ಒಪ್ಪಿದ್ದು ಹಕ್ಕುಗಳ ಕಾರಣಕ್ಕೆ. ಸಿನಿಮಾ, ಪಂದ್ಯಗಳ ಹಕ್ಕನ್ನು ಅದು ಕೊಳ್ಳುತ್ತಿದ್ದದ್ದು ಬ್ರಿಟನ್ನಿಗೆ ಮಾತ್ರ. ಉಪಗ್ರಹದ ಕಿರಣವೋ ಅರ್ಧ ಯುರೋಪಿನ ಮೇಲೆ ಬೀಳುತ್ತಿತ್ತು. ಬೀಗವಿಲ್ಲದಿದ್ದರೆ ಹಕ್ಕು ಮಾರಿದವರು ಸುಮ್ಮನಿರುತ್ತಿರಲಿಲ್ಲ. ಇದರ ಫಲವಾಗಿ ಲೈಸೆನ್ಸ್ ಶುಲ್ಕ ಕಟ್ಟಿದ ಮನೆಯವರು ತಾವು ಹಣ ಕೊಟ್ಟ ವಾಹಿನಿಯನ್ನು ಉಪಗ್ರಹದಲ್ಲಿ ನೋಡಲು ಬಿಬಿಸಿಯ ಎದುರಾಳಿಯ ಕಾರ್ಡು ತರಬೇಕಾಯಿತು. ಬೀಗದ ವ್ಯವಸ್ಥೆಗೆಂದು ಬಿಬಿಸಿ ಕೂಡ ಅದೇ ಎದುರಾಳಿಗೆ ಹಣ ಕೊಡಬೇಕಾಯಿತು.

ಬಿಡುಗಡೆಯ ದಾರಿ ಬಂದದ್ದು ಇನ್ನೊಂದು ಉಪಗ್ರಹದಿಂದ. 2000ದ ಡಿಸೆಂಬರಿನಲ್ಲಿ ಹಾರಿಸಿದ ಆಸ್ಟ್ರಾ 2ಡಿ ಉಪಗ್ರಹದ ಕಿರಣ ಬಹಳ ಕಿರಿದು. ಬ್ರಿಟನ್ ಮತ್ತು ಐರ್ಲೆಂಡಿನ ಮೇಲೆ ಅದು ಗಟ್ಟಿಯಾಗಿ ಬೀಳುತ್ತಿತ್ತು, ಆಚೆ ಹೋದಂತೆ ಬೇಗ ಕ್ಷೀಣಿಸುತ್ತಿತ್ತು. 2003ರ ಮಾರ್ಚಿನಲ್ಲಿ ಬಿಬಿಸಿ, ಈ ಉಪಗ್ರಹದಿಂದ ಬೀಗವಿಲ್ಲದೆಯೇ ಪ್ರಸಾರ ಮಾಡುತ್ತೇವೆ ಎಂದು ಘೋಷಿಸಿತು. ಸ್ಕೈಯ ಪಟ್ಟಿಯಲ್ಲಿ ಬಿಬಿಸಿ ವಾಹಿನಿಗಳಿಗಿದ್ದ ಮೊದಲ ಸ್ಥಾನಗಳ ಬಗ್ಗೆ ಜಗಳವಾಯಿತು, ರಾಜಿಯೂ ಆಯಿತು. ಜುಲೈ 14ರಂದು ಬೀಗ ತೆಗೆದರು. 2005ರ ನವೆಂಬರಿನಲ್ಲಿ ಐಟಿವಿ, 2008ರ ಏಪ್ರಿಲಿನಲ್ಲಿ ಚಾನೆಲ್ 4 ಅದೇ ದಾರಿ ಹಿಡಿದವು. 2008ರ ಮೇ 6ರಂದು ಬಿಬಿಸಿ ಮತ್ತು ಐಟಿವಿ ಸೇರಿ ಫ್ರೀಸ್ಯಾಟ್ ಶುರುಮಾಡಿದವು. ಒಂದು ಡಿಶ್, ಒಂದು ಪೆಟ್ಟಿಗೆ ಕೊಂಡರೆ ಸಾಕು. ಕಾರ್ಡಿಲ್ಲ, ತಿಂಗಳ ಚಂದಾ ಇಲ್ಲ. ಗುಡ್ಡಗಳ ಮರೆಯಲ್ಲಿದ್ದು ಭೂಮಿಯ ಮೇಲಿನ ಗೋಪುರದ ಸಂಕೇತ ಸರಿಯಾಗಿ ಸಿಗದ ಊರುಗಳಿಗೆ ಇದು ದೊಡ್ಡ ಅನುಕೂಲ.

ಈ ಕಥೆಯಲ್ಲಿ ಗಡಿ ಅಳಿಸಿಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಕಾರ್ಡು ಎಳೆಯುತ್ತಿದ್ದ ಗಡಿಯನ್ನು ಈಗ ಕಿರಣದ ಆಕಾರ ಎಳೆಯಿತು. ಆದರೆ ಕಿರಣದ ಗಡಿ ಒರಟು, ಚಾಚಿಕೊಂಡವರ ಕೈಗೆ ಒಂದಿಷ್ಟು ಸಿಗುತ್ತದೆ. ಸ್ಪೇನಿನ ಕಡಲತೀರದಲ್ಲಿ ನೆಲೆಸಿದ ಬ್ರಿಟಿಷರು ಆಳೆತ್ತರದ ಡಿಶ್ಶುಗಳನ್ನು ನಿಲ್ಲಿಸಿಕೊಂಡು ವರ್ಷಗಟ್ಟಲೆ ಊರಿನ ಸುದ್ದಿ, ಧಾರಾವಾಹಿ ನೋಡಿದರು. 2014ರ ಫೆಬ್ರುವರಿಯಲ್ಲಿ ಪ್ರಸಾರ ಇನ್ನೂ ಬಿಗಿ ಕಿರಣದ ಹೊಸ ಉಪಗ್ರಹಕ್ಕೆ ಹೋದಾಗ ಅವರಲ್ಲಿ ಅನೇಕರ ಪರದೆ ಖಾಲಿಯಾಯಿತು.

ಫ್ರೀಸ್ಯಾಟ್ ಹೆಸರಿನಲ್ಲಿ 'ಉಚಿತ' ಇದ್ದರೂ ಅದು ಪುಕ್ಕಟೆಯಲ್ಲ. ಅದನ್ನು ನೋಡುವವರೂ ಲೈಸೆನ್ಸ್ ಶುಲ್ಕ ಕಟ್ಟಲೇಬೇಕು. ಎಲ್ಲರೂ ಮುಂಚೆಯೇ ಸ್ವಲ್ಪ ಸ್ವಲ್ಪ ಕೊಟ್ಟಿರುವುದರಿಂದ ಬಾಗಿಲಲ್ಲಿ ನಿಂತು ಯಾರೂ ಕೇಳಬೇಕಾಗಿಲ್ಲ, ಅಷ್ಟೆ. ಊರವರೆಲ್ಲ ವಂತಿಗೆ ಹಾಕಿ ತೆಗೆಸಿದ ಬಾವಿಯಲ್ಲಿ ನೀರು ಸೇದುವಾಗ ಕೊಡಕ್ಕಿಷ್ಟು ಎಂದು ಲೆಕ್ಕ ಹಾಕುವುದಿಲ್ಲವಲ್ಲ, ಹಾಗೆ. ಕಿಂಗ್ಸ್‌ವುಡ್ ವಾರೆನ್, ಕ್ರಾಲಿ ಕೋರ್ಟ್‌ಗಳಲ್ಲಿ ನಡೆದ ಕೆಲಸ ಆ ಬಾವಿ ತೋಡುವ ಕೆಲಸ ಎಂದು ನಾನು ತಿಳಿಯುತ್ತೇನೆ. ಅದಿಲ್ಲದೆ ಎಲ್ಲರಿಗೂ ಸಲ್ಲುವ ಮಾನದಂಡ ಹುಟ್ಟುತ್ತಿರಲಿಲ್ಲ. ಮಾನದಂಡ ಒಬ್ಬರ ಸ್ವತ್ತಾದ ಕಡೆ ಬೀಗದ ಕೈಯೂ ಅವರದೇ.

ಈಗ ಪ್ರಸಾರ ಆಕಾಶದಿಂದ ಇಳಿದು ಅಂತರ್ಜಾಲದ ತಂತಿಗೆ ಬರುತ್ತಿದೆ. ಬೇಕಾದದ್ದನ್ನು ಬೇಕಾದಾಗ ನೋಡುವ ಸುಖ ನನಗೂ ಇಷ್ಟ. ಒಂದು ವ್ಯತ್ಯಾಸ ಮಾತ್ರ ಸಣ್ಣದಲ್ಲ. ಉಪಗ್ರಹದ ಸಂಕೇತ ಒಮ್ಮುಖ. ಕೆಳಗೆ ಒಂದು ಮನೆ ನೋಡಲಿ, ಕೋಟಿ ಮನೆ ನೋಡಲಿ, ಅದಕ್ಕೆ ತಿಳಿಯುವುದಿಲ್ಲ. ಪ್ರೇಕ್ಷಕರೊಬ್ಬರು ಹೆಚ್ಚಿದರೆ ಖರ್ಚೂ ಹೆಚ್ಚುವುದಿಲ್ಲ. ಅಂತರ್ಜಾಲದಲ್ಲಿ ಪ್ರತಿ ಮನೆಗೂ ಬೇರೆ ಬೇರೆಯಾಗಿ ಕಳಿಸಬೇಕು, ಯಾರು ಏನು ನೋಡಿದರು ಎಂಬುದು ದಾಖಲಾಗುತ್ತದೆ. ಬಿಬಿಸಿಯ ಐಪ್ಲೇಯರಿಗೂ ಈಗ ಹೆಸರು ನೋಂದಾಯಿಸಿಯೇ ಒಳಹೋಗಬೇಕು. ಬರ್ಕಿಲ್ ತಾವಾಗಿ ಹೇಳಿಕೊಳ್ಳದಿದ್ದರೆ, ಗುಲ್ಬರ್ಗದ ಹಳ್ಳಿಗಳಿಗೆ ಹೋಗುತ್ತಿದ್ದ ಪ್ರಸಾರವನ್ನು ಶೆಫೀಲ್ಡಿನಲ್ಲಿ ಒಬ್ಬರು ನೋಡಿದರು ಎಂಬುದು ಅಹಮದಾಬಾದಿಗಾಗಲಿ ನಾಸಾಕ್ಕಾಗಲಿ ಗೊತ್ತಾಗುವ ದಾರಿಯೇ ಇರಲಿಲ್ಲ.